ಎರಡು ಬೊಟ್ಟಿನ ಮೂರು ತಟ್ಟೆ

ಹೆಸರಿಟ್ಟವರು ಕಲ್ಲಮ್ಮಜ್ಜಿ. ಯಾವುದೋ ಕಂಪನಿ ನಾಟಕದಲ್ಲಿ ಸತ್ಯಭಾಮೆಯ ಪಾತ್ರಧಾರಿ ಸೊಂಟಕ್ಕೆ ಕೈಯಿಟ್ಟು ಕೃಷ್ಣನನ್ನೇ ಗದರಿಸಿದ್ದನ್ನು ನೋಡಿ ಮರುಳಾಗಿ, ಮೊಮ್ಮಗಳೂ ಹಾಗೇ ಆಗಲಿ ಎಂದು ಸತ್ಯಭಾಮಾ ಎಂದು ಕರೆದರು. ಕರೆದು ಇಪ್ಪತ್ತಮೂರು ವರ್ಷವಾಯಿತು. ಗದರಿಸುವುದು ಹಾಗಿರಲಿ, ಸಿಟಿ ಬಸ್ಸಿನಲ್ಲಿ "ಇಳೀಬೇಕು" ಎನ್ನಲು ನಾಲಿಗೆ ಏಳದೆ, ಮುಂದಿನ ಸ್ಟಾಪಿನಲ್ಲಿ ಬೇರೆ ಯಾರಾದರೂ ಇಳಿಯುವಾಗ ಅವರ ಬೆನ್ನಿಗೆ ತಾನೂ ಇಳಿದು, ಬಿಸಿಲಲ್ಲಿ ಆಲ್ಕೊಳ ಸರ್ಕಲ್ಲಿಗೆ ವಾಪಸ್ ನಡೆದು ಬರುವ ಹುಡುಗಿಯಾದಳು. ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಎರಡು ವರ್ಷ ಕಂಪ್ಯೂಟರ್ ಓದಿ ಫಸ್ಟ್ ಕ್ಲಾಸು ತಂದಿದ್ದಳು, ನಿಜ. ಆದರೆ ವೈವಾದಲ್ಲಿ ಉತ್ತರವನ್ನು ಬಾಯಲ್ಲಿ ಹೇಳದೆ ಕಾಗದದ ಮೇಲೆ ಬರೆದು ಮೇಜಿನ ಆಚೆಗೆ ತಳ್ಳಿದ್ದಳು. ಅವಳ ಮಾತೆಲ್ಲ ಡೈರಿಯ ಪಾಲು. ಕಂಡದ್ದನ್ನೆಲ್ಲ ಅದರಲ್ಲಿ ಬರೆಯುವಳು. ಬರೆಯಲಾಗದ್ದನ್ನು ಚಿತ್ರ ಬಿಡಿಸುವಳು.

ಅಂಥವಳಿಗೆ ವಿನೋಬನಗರದ ಶಿವಯೋಗಿ ಚಿಕ್ಕಪ್ಪನ ಕ್ಲಿನಿಕ್ಕಿನಲ್ಲಿ ಕೆಲಸ ಗೊತ್ತಾಯಿತು. ಟೋಕನ್ ಕೂಗುವ ಕೆಲಸ!

"ಏನ್ ಮಹಾ ಕಷ್ಟ ಇದೆ ಅದ್ರಲ್ಲಿ?" ಎಂದರು ಚಿಕ್ಕಪ್ಪ, ಕಾಫಿ ಲೋಟ ಕೆಳಗಿಡುತ್ತ. "ಬಾಗಿಲಲ್ಲಿ ನಿಂತ್ಕೊಂಡು 'ಹದಿನೇಳು, ಮಾರಪ್ಪ, ಮೂಲವ್ಯಾಧಿ' ಅಂತ ಗಟ್ಟಿಯಾಗಿ ಕೂಗೋದು. ಅಷ್ಟೇ."

"ಮೂಲವ್ಯಾಧಿನೂ ಕೂಗ್ಬೇಕೇನೋ?" ಎಂದರು ಅಜ್ಜಿ.

"ದಿನಾ ಇಬ್ಬಿಬ್ರು ಮಾರಪ್ಪ ಬರ್ತಾರಲ್ಲಮ್ಮಾ, ಗುರ್ತು ಬೇಡ್ವಾ?"

ಆ ದಿನ ಡೈರಿಯಲ್ಲಿ ಒಂದೇ ಸಾಲು: "ಬರುವ ಸೋಮವಾರದಿಂದ ಮೂಲವ್ಯಾಧಿ."

ಮಾರನೆಯ ಬೆಳಿಗ್ಗೆ ಬುಧವಾರ. ಪೇಪರಿನ ಮೂಲೆಯಲ್ಲಿ ನಾಲ್ಕು ಸಾಲಿನ ಜಾಹೀರಾತು ಕಂಡಿತು: ಭದ್ರಾವತಿಯ ಎರಕದ ಕಾರ್ಖಾನೆಗೆ ಹಳೆಯ ವರ್ಕ್‌ಸ್ಟೇಷನ್ ಕಂಪ್ಯೂಟರ್ ಬಲ್ಲವರು ತುರ್ತಾಗಿ ಬೇಕು, ಖುದ್ದಾಗಿ ಬನ್ನಿ. ಫೋನ್ ಮಾಡಿ ಎಂದಿದ್ದರೆ ಅವಳು ಖಂಡಿತ ಮಾಡುತ್ತಿರಲಿಲ್ಲ. ಖುದ್ದಾಗಿ ಬನ್ನಿ ಎಂದಿದ್ದರಿಂದ ಹೋಗಿ ಸುಮ್ಮನೆ ನಿಂತರೂ ಆದೀತು ಎಂಬ ಧೈರ್ಯದಲ್ಲಿ ಹೊರಟಳು.

ಕಾರ್ಖಾನೆ ಎಂದರೆ ಒಂದು ದೊಡ್ಡ ತಗಡಿನ ಶೆಡ್ಡು. ಒಳಗೆ ಕುಲುಮೆ, ಕ್ರೇನು, ಮರಳಿನ ಗುಡ್ಡಗಳು, ಕಿವಿ ಕಿತ್ತುಹೋಗುವ ಬ್ಲೋವರಿನ ಸದ್ದು. ಶೆಡ್ಡಿನ ಮೂಲೆಗೆ ಅಂಟಿಕೊಂಡಂತೆ ಒಂದು ಗಾಜಿನ ಕೋಣೆ, ಅದರಲ್ಲಿ ಏಸಿ. ಮಾಲೀಕ ವಿಜಯಕುಮಾರ್ ನಲವತ್ತೈದರ ಆಸುಪಾಸಿನವರು; ಒಂದು ವಾಕ್ಯ ಮುಗಿಯುವ ಮೊದಲೇ ಇನ್ನೊಂದನ್ನು ಶುರು ಮಾಡುವ ಅಭ್ಯಾಸ. ಅವಳನ್ನು ಕೋಣೆಯೊಳಗೆ ನೂಕಿ ಬಾಗಿಲು ಹಾಕಿದರು. ಬ್ಲೋವರಿನ ಸದ್ದು ತಟ್ಟನೆ ನಿಂತುಹೋಯಿತು. ಅಲ್ಲಿ ಒಂದು ಕುರ್ಚಿ, ಒಂದು ಮೇಜು, ಅದರ ಮೇಲೆ ಅಡಿಕೆ ಮೂಟೆಯಷ್ಟು ದಪ್ಪನೆಯ ಮಾನಿಟರ್, ಪಕ್ಕದಲ್ಲಿ ಬೂದುಬಣ್ಣದ ಚಪ್ಪಟೆ ಪೆಟ್ಟಿಗೆ. ಮಾತಾಡಿಸಲು ಯಾರೂ ಇಲ್ಲ, ಕೂಗುವ ಹಾಗಂತೂ ಇಲ್ಲವೇ ಇಲ್ಲ. ಸತ್ಯಭಾಮಾ ಆ ಕೋಣೆಯನ್ನು ನೋಡಿದ ಕೂಡಲೇ ಮನಸ್ಸು ಕೊಟ್ಟುಬಿಟ್ಟಳು.

"ಈ ಮಷಿನ್ ಗೊತ್ತೇನಮ್ಮಾ?" ಎಂದರು ವಿಜಯಕುಮಾರ್.

ಗೊತ್ತಿರಲಿಲ್ಲ. ಶಂಕರಘಟ್ಟದ ಲ್ಯಾಬಿನಲ್ಲಿ ಇಂಥದ್ದೊಂದು ಹೂವಿನ ಚಿತ್ತಾರದ ಹೊದಿಕೆ ಹೊದ್ದು ಕೂತಿದ್ದನ್ನು ನೋಡಿದ್ದಳು, ಎರಡು ಸಲ ಮುಟ್ಟಿದ್ದಳು. ಆದರೆ "ಗೊತ್ತಿಲ್ಲ" ಎಂದರೆ ಯಾಕೆ, ಏನು, ಎಷ್ಟು ಗೊತ್ತು ಎಂದೆಲ್ಲ ವಿವರಿಸಬೇಕಾಗುತ್ತದೆ. ಮಾತು ಬೇಗ ಮುಗಿಯುವ ಉತ್ತರವನ್ನೇ ಆರಿಸಿಕೊಂಡಳು.

"ಗೊತ್ತು" ಎಂದಳು.

"ಸದ್ಯ, ಬದುಕ್ಕೊಂಡೆ!" ಎಂದು ವಿಜಯಕುಮಾರ್ ಕಥೆ ಶುರು ಮಾಡಿದರು.

ಕಥೆ ಇಷ್ಟು. ಹಾಲಸ್ವಾಮಿ ಎಂಬ ಹಿರಿಯ ಎಂಜಿನಿಯರ್ ಈ ಯಂತ್ರವನ್ನು ಹರಾಜಿನಲ್ಲಿ ತಂದು, ಅದಕ್ಕೊಂದು ಪ್ರೋಗ್ರಾಮು ಬರೆದಿದ್ದರು. ಎರಕದ ಲೋಹ ಆರುವಾಗ ಕುಗ್ಗುತ್ತದೆ. ಕುಗ್ಗಿದ ಜಾಗ ತುಂಬಲು ಅಚ್ಚಿನ ನೆತ್ತಿಯ ಮೇಲೆ ಹೆಚ್ಚುವರಿ ಲೋಹದ ಒಂದು ಕೊರಳು ಬಿಡಬೇಕು, ರೈಸರ್ ಎನ್ನುತ್ತಾರೆ. ಅದರ ಎತ್ತರ ಎಷ್ಟು ಎಂದು ಆ ಪ್ರೋಗ್ರಾಮು ಹೇಳುತ್ತಿತ್ತು. ಕಡಿಮೆಯಾದರೆ ಎರಕದ ಹೊಟ್ಟೆಯಲ್ಲಿ ತೂತು. ಹೋದ ತಿಂಗಳು ಯಂತ್ರದ ಡಿಸ್ಕು ಕರ್ರ್ ಎಂದು ಸತ್ತಿತು. ಹೊಸ ಡಿಸ್ಕು ಬಂತು. ಪ್ರೋಗ್ರಾಮು ಟೇಪಿನಲ್ಲಿ ಕ್ಷೇಮವಾಗಿತ್ತು. ಆದರೆ ಹಾಲಸ್ವಾಮಿಯವರು ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ತಿರುಗಿಸಿ ಹೇಳುವ ದುಭಾಷಿ ಬೇಕಲ್ಲ, ಕಂಪೈಲರ್ ಎಂಬುದು, ಅದು ಬೇಕು. ಅದು ಕೂತು ಕೆಲಸ ಮಾಡಲು ಒಂದು ಮನೆ ಬೇಕು, ಅದೇ ಆಪರೇಟಿಂಗ್ ಸಿಸ್ಟಮ್. ಯಾವ ಮನೆಗೆ ಯಾವ ದುಭಾಷಿ ಎಂಬುದು ಹಾಲಸ್ವಾಮಿಯವರಿಗೆ ಮಾತ್ರ ಗೊತ್ತು. ಅವರೋ ಹೊಸ ಡಿಸ್ಕು ಬರುವ ಮೊದಲೇ ಯುಗಾದಿಗೆ ಶ್ರೀಶೈಲ ಸೇರಲು ಪಾದಯಾತ್ರೆ ಹೊರಟಿದ್ದರು, ವಾರವಾಯಿತು.

"ಈಗ ಎಲ್ಲೋ ಬಳ್ಳಾರಿ ದಾರಿಲಿ ನಡೀತಿರ್ತಾರೆ. ಮೊಬೈಲು ಇಲ್ಲ, ಚಪ್ಪಲೀನೂ ಇಲ್ಲ! ಸೀಡಿಗಳ ಮೇಲೆ ಎಲ್ಲ ಬರೆದಿಟ್ಟಿದ್ರು ಮಾರಾಯ್ತಿ, ಇದಕ್ಕೆ ಇದು, ಅದಕ್ಕೆ ಅದು ಅಂತ. ಈ ಹೂವಮ್ಮ ಏನ್ಮಾಡಿದ್ಲು ಗೊತ್ತಾ? ಆಯುಧ ಪೂಜೆಗೆ ಒಂಬತ್ತು ಸೀಡಿನೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದ್ದಾಳೆ!"

ಟೀ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೂವಮ್ಮ ಕಾರ್ಖಾನೆಯ ಕಸ, ಮುಸುರೆ, ಪೂಜೆ ಮೂರನ್ನೂ ನೋಡಿಕೊಳ್ಳುವವರು. ಅವರಿಗೆ ಈ ಮಾತು ಹೊಸದಲ್ಲ.

"ದೇವ್ರ ಮುಂದೆ ಇಡೋ ವಸ್ತುನ ಮಸಿ ಮೆತ್ಕಂಡು ಹಂಗೇ ಇಡಕಾಗ್ತದಾ ಸಾರ್? ಹೊಳೆಯೋ ಕಡೆ ಮುಟ್ಟಿಲ್ಲ. ಮಸಿ ಇದ್ದ ಕಡೆ ತಿಕ್ಕಿದ್ದು, ಅದೂ ಮೆತ್ತಗೆ."

"ಮಸಿ ಅಲ್ಲ ಮಾರಾಯ್ತಿ ಅದು, ವಿದ್ಯೆ!"

"ಹೋಗ್ಲಿ ಬಿಡಿ, ಟೀ ಆರೋಗ್ತದೆ" ಎಂದು ಹೂವಮ್ಮ ಹೊರಟೇಹೋದರು.

ಅಕ್ಟೋಬರಿನಲ್ಲಿ ತಿಕ್ಕಿದ್ದು ಮಾರ್ಚಿನವರೆಗೆ ಯಾರಿಗೂ ಗೊತ್ತಾಗಿರಲಿಲ್ಲ. ಯಂತ್ರ ಓಡುತ್ತಿತ್ತು, ಸೀಡಿ ಚೀಲವನ್ನು ಬಿಚ್ಚುವ ಪ್ರಸಂಗವೇ ಬಂದಿರಲಿಲ್ಲ. ಆಮೇಲೆ ಬೆಂಗಳೂರಿನಿಂದ ಬಂದ ರಿಪೇರಿಯವನು ಚೀಲವನ್ನು ಕೊಡವಿ, ಎಲ್ಲ ಸೀಡಿಗಳನ್ನೂ ದೋಸೆಯ ಹಾಗೆ ಒಂದರ ಮೇಲೊಂದು ಪೇರಿಸಿ, ಎರಡು ದಿನ ಹೆಣಗಿ, "ಇದನ್ನ ಮ್ಯೂಸಿಯಮ್ಮಿಗೆ ಕೊಡಿ" ಎಂದು ಬಸ್ಸು ಹತ್ತಿದ್ದ.

"ಶನಿವಾರ ನಾಲ್ಕು ಗಂಟೆಗೆ ಸಕ್ಕರೆ ಕಾರ್ಖಾನೆಯ ದೊಡ್ಡ ಹಲ್ಲುಚಕ್ರ ಸುರೀತೀವಿ" ಎಂದರು ವಿಜಯಕುಮಾರ್. "ಅಷ್ಟೊತ್ತಿಗೆ ರೈಸರ್ ಲೆಕ್ಕ ಬಂತೋ, ಸೋಮವಾರದಿಂದ ಈ ಕುರ್ಚಿ ನಿಂದು. ಬರ್ಲಿಲ್ವೋ, ಅಚ್ಚು ಕಟ್ಟೋ ಚೌಡಪ್ಪ ತನ್ನ ಹೆಬ್ಬೆರಳು ನೋಡಿ ಹೇಳ್ತಾನೆ. ಹೋದ್ ಸಲನೂ ಹಂಗೇ ಹೇಳಿದ್ದ."

ಹೋದ ಸಲದ ಎರಕ ಗಾಜಿನಾಚೆ ಕಾಣುತ್ತಿತ್ತು. ಅದರ ಹೊಟ್ಟೆಯಲ್ಲಿ ತೆಂಗಿನಕಾಯಿ ಹಿಡಿಸುವಷ್ಟು ತೂತು. ಒಳಗೆ ಗುಬ್ಬಚ್ಚಿಯೊಂದು ಹುಲ್ಲು ತಂದು ಹಾಕುತ್ತಿತ್ತು.

ಸತ್ಯಭಾಮಾ ಕುರ್ಚಿಯಲ್ಲಿ ಕೂತಳು. ಕೂತು, ಮೊದಲು ತನಗೆ ಬರುವ ಕೆಲಸ ಮಾಡಿದಳು. ಡೈರಿ ತೆಗೆದು ಒಂಬತ್ತು ಸೀಡಿಗಳ ಚಿತ್ರ ಬರೆದಳು. ತಿಕ್ಕಿದ ಗೆರೆ, ನಡುವಿನ ತೂತು, ತೂತಿನ ಸುತ್ತ ಮಾಸಿದ ಕುಂಕುಮದ ಬೊಟ್ಟು, ಕಂಡದ್ದೆಲ್ಲ ಕಂಡಂತೆ. ಪೂಜೆಯ ಕುಂಕುಮ, ಇನ್ನೇನು. ಆಮೇಲೆ ಒಂದೊಂದನ್ನೇ ಯಂತ್ರಕ್ಕೆ ತಿನ್ನಿಸಿ ಒಳಗೇನಿದೆ ಎಂದು ಓದಿದಳು. ಹೂವಮ್ಮನ ಕೈ ಮೆತ್ತಗಿದ್ದದ್ದು ನಿಜ, ಒಂದೂ ಸತ್ತಿರಲಿಲ್ಲ. ನಾಲ್ಕು ಆಪರೇಟಿಂಗ್ ಸಿಸ್ಟಮ್‌ಗಳು: 2.3, 2.4, 2.5, 2.6. ನಾಲ್ಕು ಕಂಪೈಲರುಗಳು: 2, 3, 4, 5. ಒಂಬತ್ತನೆಯದರಲ್ಲಿ ಮಾತ್ರ ಬರೀ ನಂಬರಿನ ಹೆಸರಿನ ನೂರೆಂಟು ಚಿಲ್ಲರೆ ಫೈಲುಗಳು, ತಲೆಬುಡ ತಿಳಿಯದ್ದು. ರಿಪೇರಿಯವನು ಅದರ ಮೇಲೆ "ಕಸ" ಎಂದು ಚೀಟಿ ಅಂಟಿಸಿದ್ದ. ಅವಳೂ ಡೈರಿಯಲ್ಲಿ "ಒಂಬತ್ತು: ಕಸ?" ಎಂದು ಬರೆದಳು. ಪ್ರಶ್ನಾರ್ಥಕ ಚಿಹ್ನೆ ಮಾತ್ರ ಅವಳದು.

ನಾಲ್ಕು ಮನೆ, ನಾಲ್ಕು ದುಭಾಷಿ, ಹದಿನಾರು ಜೋಡಿ. ಒಂದು ಮನೆ ಕಟ್ಟಲು ಮೂರು ಗಂಟೆ. ಇರುವುದು ಮೂರು ದಿನ.

ಗುರುವಾರ ಎಲ್ಲಕ್ಕಿಂತ ಹೊಸದಾದ 2.6 ಹಾಕಿದಳು. ಮೂರು ಗಂಟೆ ತೆವಳಿ, ಕೊನೆಯ ಮೆಟ್ಟಿಲಲ್ಲಿ "ಮೆಮೊರಿ ಸಾಲದು" ಎಂದು ಕೂತುಬಿಟ್ಟಿತು. ಮಧ್ಯಾಹ್ನ 2.3 ಹಾಕಹೋದರೆ ಅದಕ್ಕೆ ಹೊಸ ಡಿಸ್ಕೇ ಕಾಣಿಸಲಿಲ್ಲ. ಅಷ್ಟು ದೊಡ್ಡ ಡಿಸ್ಕನ್ನು ಅದರ ಕಾಲದಲ್ಲಿ ಯಾರೂ ಕಂಡವರಿರಲಿಲ್ಲ. 2.4ಕ್ಕೂ ಅದೇ ಕುರುಡು. ಶುಕ್ರವಾರ 2.5 ಮಾತ್ರ ಮಹಾರಾಯನ ಹಾಗೆ ಕಾಲು ಚಾಚಿ ಕೂತಿತು. ಸತ್ಯಭಾಮಾ ಖುಷಿಗೆ ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದಳು. ಅದರ ಓರಗೆಯ ಕಂಪೈಲರ್ 4 ಹಾಕಿದಳು. ಹಾಲಸ್ವಾಮಿಯವರ ಪ್ರೋಗ್ರಾಮನ್ನು ಅದು ಗಡಗಡ ಓದುತ್ತ ಹೋಗಿ, ಆರುನೂರ ಹನ್ನೆರಡನೇ ಸಾಲಿನಲ್ಲಿ ನಿಂತಿತು: ನನಗಿದು ಅರ್ಥವಾಗುತ್ತಿಲ್ಲ. ಕಂಪೈಲರ್ 3ಕ್ಕೆ ನಾನೂರನೇ ಸಾಲೂ ದಾಟಲಾಗಲಿಲ್ಲ, 2 ಮುನ್ನೂರಕ್ಕೇ ಕೈಯೆತ್ತಿತು. 5 ಹಾಕಿದರೆ ಅದು ಹೊಸಿಲಲ್ಲೇ ನಿಂತು, ಈ ಮನೆ ಹಳೆಯದು, 2.6 ಇಲ್ಲದೆ ಒಳಗೆ ಬರಲಾರೆ ಎಂದಿತು.

ಹೊಸ ಮನೆ ಯಂತ್ರಕ್ಕೆ ಹಿಡಿಸುವುದಿಲ್ಲ. ಹಿಡಿಸುವ ಮನೆಗೆ ಬೇಕಾದ ದುಭಾಷಿ ಬರುವುದಿಲ್ಲ. ಹೂವಮ್ಮ ಮೂರು ದಿನವೂ ಹೊತ್ತುಹೊತ್ತಿಗೆ ಟೀ ತಂದಿಟ್ಟು, "ಏನಾರ ಬೇಕಾಮ್ಮಾ?" ಎಂದು ಕೇಳಿ, ಸತ್ಯಭಾಮಾ ತಲೆಯಾಡಿಸಿಯೇ "ಇಲ್ಲ" ಎಂದಾಗ ಲೋಟ ತೆಗೆದುಕೊಂಡು ಹೋಗಿದ್ದರು.

ಸಂಜೆ ಮನೆಗೆ ಬಂದವಳ ಮುಖ ನೋಡಿ ಕಲ್ಲಮ್ಮಜ್ಜಿ ಅವರೆಕಾಳು ಸುಲಿಯುವುದನ್ನು ನಿಲ್ಲಿಸಿದರು. ಅಜ್ಜಿಯ ಹತ್ತಿರ ಮಾತ್ರ ಸತ್ಯಭಾಮಾಗೆ ಬಾಯಿ ಬರುತ್ತಿತ್ತು. ಎಲ್ಲ ಹೇಳಿದಳು. ಅಜ್ಜಿ ಅಷ್ಟನ್ನೂ ಕೇಳಿ, ಕಾಳೊಂದನ್ನು ಬಾಯಿಗೆಸೆದುಕೊಂಡರು.

"ಅಂದ್ರೆ ಮನೆ ಹಳೇದು, ಸೊಸೆ ಹೊಸಬಳು, ಒಳಗೆ ಬರಲ್ಲ ಅಂತಾಳೆ. ಇದಕ್ಕೆ ಇಷ್ಟು ಓದ್ಬೇಕಾಗಿತ್ತೇನೇ? ಈ ಆಲ್ಕೊಳದಲ್ಲಿ ಮೂವತ್ತು ಸಾಲಾವಳಿ ಕೂಡ್ಸಿದ್ದೀನಿ. ಅರ್ಧಕ್ಕರ್ಧ ಇದೇ ಗೋಳು."

"ಆಗ ಏನ್ಮಾಡ್ತಿದ್ರಿ ಅಜ್ಜಿ?"

"ಮನೆ ಕೆಡವಕ್ಕಾಗುತ್ತಾ? ಸೊಸೆ ಬಿಡಕ್ಕಾಗುತ್ತಾ? ಹಿತ್ಲಲ್ಲಿ ಒಂದು ಒಳ್ಳೆ ಬಚ್ಚಲು ಕಟ್ಸಿ ಅಂತ ಹುಡುಗನ ಅವ್ವನಿಗೆ ಹೇಳ್ತಿದ್ದೆ. ಬಚ್ಚಲು ಎದ್ರೆ ಸೊಸೆ ಬಂದ್ಲು ಅಂತ್ಲೇ ಲೆಕ್ಕ."

"ಇದಕ್ಕೆಲ್ಲಿ ಬಚ್ಚಲು ಕಟ್ಸೋದಜ್ಜಿ?"

"ಅದು ನಂಗೇನ್ ಗೊತ್ತು? ಆ ಮನೇಲಿ ಮೊದ್ಲಿಂದ ಓಡಾಡಿದೋರನ್ನ ಕೇಳು. ಆಮೇಲೆ, ಶಿವಯೋಗಿ ಬಂದಿದ್ದ. ಸೋಮವಾರ ಎಂಟು ಗಂಟೆಗೇ ಬರ್ಬೇಕಂತೆ. ಗಂಟ್ಲಿಗೆ ಜ್ಯೇಷ್ಠಮಧು ಕೊಟ್ಟು ಹೋಗಿದ್ದಾನೆ."

ಶನಿವಾರ ಬೆಳಿಗ್ಗೆ ಭದ್ರಾವತಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ಜ್ಯೇಷ್ಠಮಧು ಚೀಪುತ್ತ, ಬೇರೇನೂ ತೋಚದೆ ಡೈರಿ ಬಿಡಿಸಿದಳು. ಬುಧವಾರದ ಪುಟ. ಒಂಬತ್ತು ಚಕ್ರಗಳು, ಅವುಗಳ ನಡುವೆ ಬೊಟ್ಟುಗಳು. ಒಂದರ ಸುತ್ತ ಒಂದು ಬೊಟ್ಟು. ಇನ್ನೊಂದರ ಸುತ್ತ ನಾಲ್ಕು. ಪೂಜೆಯ ಕುಂಕುಮವಾದರೆ ಎಲ್ಲಕ್ಕೂ ಒಂದೇ ಸಮ ಇಡುತ್ತಾರಲ್ಲ? ಮಲವಗೊಪ್ಪ ಬರುವಷ್ಟರಲ್ಲಿ ಎಣಿಸಿಬಿಟ್ಟಳು. ಒಂದು ಬೊಟ್ಟಿನವು ಎರಡು. ಮೂರು ಬೊಟ್ಟಿನವು ಎರಡು. ನಾಲ್ಕರವು ಎರಡು. ಎರಡು ಬೊಟ್ಟಿನವು ಮಾತ್ರ ಮೂರು ಇದ್ದವು! 2.5. ಕಂಪೈಲರ್ 5. ಮತ್ತು ಆ ಕಸ.

ಇದನ್ನು ಇಟ್ಟವರು ಯಾಕೆ ಹಾಗೆ ಇಟ್ಟರು ಎಂದು ಕೇಳಬೇಕು. ಬಾಯಿಬಿಟ್ಟು, ಮನುಷ್ಯರನ್ನು ಕೇಳಬೇಕು! ಮಾಚೇನಹಳ್ಳಿಯವರೆಗೆ ಪ್ರಶ್ನೆಯನ್ನು ಮನಸ್ಸಿನಲ್ಲೇ ತಿದ್ದಿದಳು: "ಹೂವಮ್ಮನವರೇ, ತಾವು ಆಯುಧ ಪೂಜೆಯ ಸಂದರ್ಭದಲ್ಲಿ..." ಛೆ, ಇದು ಪರೀಕ್ಷೆಯ ಪ್ರಶ್ನೆಪತ್ರಿಕೆಯ ಹಾಗಿದೆ. "ಹೂವಮ್ಮ, ಬೊಟ್ಟು ಯಾಕೆ?" ಇದು ಜಗಳದ ಹಾಗಿದೆ. ತುಟಿ ಅಲ್ಲಾಡುವುದನ್ನು ನೋಡಿದ ಪಕ್ಕದ ಹೆಂಗಸು ಮಂತ್ರ ಹೇಳುತ್ತಿದ್ದಾಳೆಂದು ತಿಳಿದು ಗೌರವದಿಂದ ಸ್ವಲ್ಪ ಸರಿದು ಕೂತರು. ಇಳಿಯಬೇಕಾದ ಸ್ಟಾಪು ಹಿಂದೆ ಹೋಯಿತು. ಮುಂದಿನದರಲ್ಲಿ ಇಳಿದು, ದುಪಟ್ಟಾ ಹಾರಿಸಿಕೊಂಡು ಓಡುತ್ತಲೇ ವಾಪಸ್ ಬಂದಳು.

ಹೂವಮ್ಮ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಟೀ ಲೋಟ ತೊಳೆಯುತ್ತಿದ್ದರು. ಸತ್ಯಭಾಮಾ ಅವರೆದುರು ನಿಂತಳು. ಬಸ್ಸಿನಲ್ಲಿ ಕಲಿತದ್ದೆಲ್ಲ ಮರೆತುಹೋಗಿತ್ತು. ಡೈರಿಯನ್ನೇ ಮುಂದೆ ಹಿಡಿದು, ಬೊಟ್ಟಿನ ಮೇಲೆ ಬೆರಳಿಟ್ಟು, "ಇದು... ನೀವು... ಯಾಕೆ?" ಎಂದಳು.

ಹೂವಮ್ಮ ಕೈಯೊರೆಸಿಕೊಂಡು ಬಗ್ಗಿ ನೋಡಿದರು. "ಅಯ್ಯ, ನನ್ ಬೊಟ್ಟು! ಎಷ್ಟ್ ಚೆಂದ ಬರ್ದಿದ್ದೀಯಮ್ಮಾ. ಅದು ಗುರ್ತು. ಮದ್ವೆ ಮನೇಲಿ ನಾಲ್ಕು ಮನೆ ಪಾತ್ರೆ ಸೇರಿದ್ರೆ ಬಣ್ಣದ ಬೊಟ್ಟು ಇಟ್ಟು ಗುರ್ತು ಮಾಡಲ್ವಾ? ಹಂಗೆ. ಹಾಲಸ್ವಾಮಿ ಸಾರ್ ಚೀಲಕ್ಕೆ ನಾಲ್ಕು ಜೇಬು. ಒಂದೊಂದ್ ಜೇಬಿಂದ್ ತೆಗೆದು ತೊಳ್ದು, ಎಣ್ಣೆ ಕುಂಕುಮ ಕಲ್ಸಿ ಬೊಟ್ಟಿಟ್ಟೆ. ಮೊದ್ಲನೇ ಜೇಬಿಗೆ ಒಂದು, ಎರಡನೇದಕ್ಕೆ ಎರಡು. ಜೋಡಿ ತಪ್ಪಿದ್ರೆ ಸಾರ್ ಬೈತಾರಲ್ಲ ಅಂತ."

"ಎರಡನೇ ಜೇಬಲ್ಲಿ..."

"ಮೂರ್ ತಟ್ಟೆ ಇದ್ವು. ಸಾರ್ ಯಾವಾಗ್ಲೂ ಆ ಜೇಬಿಗೇ ಕೈ ಹಾಕ್ತಿದ್ದಿದ್ದು. ಮಿಕ್ಕಿದ್ವು ಸುಮ್ನೆ ಕೂತಿರ್ತಿದ್ವು. ಆ ಬೆಂಗ್ಳೂರ್ ಹುಡುಗ ಬಂದು ಎಲ್ಲಾ ಕಲ್ಸಾಕ್ದ."

"ನೀವು ಯಾರಿಗೂ ಹೇಳ್ಲಿಲ್ವಾ?"

"ಎಲ್ರೂ ಬೈದ್ರು, ಯಾರೂ ಕೇಳ್ಲಿಲ್ಲ. ನೀನಾದ್ರೂ ಕೇಳ್ಬಾರ್ದಾ ಮಾರಾಯ್ತಿ? ದಿನಾ ಎದುರಿಗೆ ಬಂದು ಏನಾರ ಬೇಕಾ, ಏನಾರ ಬೇಕಾ ಅಂತಿದ್ನಲ್ಲ!"

ಸತ್ಯಭಾಮಾ ನಕ್ಕುಬಿಟ್ಟಳು. ಮೂರು ದಿನದಿಂದ ಕಟ್ಟಿಕೊಂಡಿದ್ದು ಒಮ್ಮೆಗೇ ಒಡೆದಂತೆ, ಹೊಟ್ಟೆ ಹಿಡಿದುಕೊಂಡು, ನಲ್ಲಿ ಕಟ್ಟೆಗೊರಗಿ ನಕ್ಕಳು. ಹೂವಮ್ಮನಿಗೂ ನಗು ಅಂಟಿತು. ಇಬ್ಬರೂ ಯಾಕೆಂದು ಪರಸ್ಪರ ಹೇಳಿಕೊಳ್ಳಲಾಗದೆ ನಕ್ಕು, ಒಂದು ಲೋಟವನ್ನೂ ಒಡೆದರು.

ಗಾಜಿನ ಕೋಣೆಯಲ್ಲಿ ಕಸದ ಚೀಟಿ ಕಿತ್ತು ಒಂಬತ್ತನೇ ಸೀಡಿಯನ್ನು ಮತ್ತೆ ನೋಡಿದಳು. ಈಗ ಅರ್ಥವಾಯಿತು. ನೂರೆಂಟು ಚಿಲ್ಲರೆ ಫೈಲು ಎಂದರೆ ನೂರೆಂಟು ತೇಪೆಗಳು. 2.5ರ ಹರಿದಲ್ಲಿ ಹೊಲಿದು, ಇಲ್ಲದ್ದನ್ನು ಸೇರಿಸಿ, 5ನೇ ಕಂಪೈಲರ್ ಕಾಲಿಡಲು ಅಣಿ ಮಾಡುವ ತೇಪೆಗಳು. ಅಜ್ಜಿಯ ಬಚ್ಚಲು! ಮನೆ ಮೊದಲು, ಬಚ್ಚಲು ಆಮೇಲೆ, ಸೊಸೆ ಕೊನೆಗೆ. ಮನೆ ಶುಕ್ರವಾರವೇ ಎದ್ದಿತ್ತು. ಹತ್ತು ಗಂಟೆಗೆ ಬಚ್ಚಲಿಗೆ ಗುದ್ದಲಿ ಹಾಕಿದಳು.

ಒಂದು ತೇಪೆಗೆ ಎರಡು ನಿಮಿಷ, ಹಲವಕ್ಕೆ ಮೂರು. ಪ್ರತಿಯೊಂದು ಮುಗಿದಾಗ ಪರದೆಯ ಮೇಲೆ ಒಂದು ಚುಕ್ಕಿ ಮೂಡುತ್ತಿತ್ತು. ಹೂವಮ್ಮ ಟೀ ನೆಪದಲ್ಲಿ ಬಂದು, "ಅದೂ ಬೊಟ್ಟೇ ಇಡ್ತದಲ್ಲ!" ಎಂದು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಹನ್ನೆರಡಕ್ಕೆ ಕುಲುಮೆಗೆ ಬೆಂಕಿ ಬಿತ್ತು. ವಿಜಯಕುಮಾರ್ ಗಾಜಿನಾಚೆಯಿಂದ ಗಡಿಯಾರ ತೋರಿಸಿ ಹೋದರು. ಎರಡಕ್ಕೆ ಎಂಬತ್ತೊಂಬತ್ತನೇ ಚುಕ್ಕಿ. ಎರಡೂ ಮುಕ್ಕಾಲಿಗೆ ನೂರೆಂಟನೆಯದು.

ಸತ್ಯಭಾಮಾ ಕಂಪೈಲರ್ 5ರ ತಟ್ಟೆ ಹಾಕಿದಳು. ಅದು ಹೊಸಿಲಲ್ಲಿ ನಿಂತಿತು. ಆಚೆ ಈಚೆ ನೋಡಿತು. ಒಳಗೆ ಬಂತು.

"ಬಂದ್ಲಾ?" ಎಂದರು ಹೂವಮ್ಮ.

"ಬಂದ್ಲು!"

ಮೂರೂವರೆಗೆ ಹಾಲಸ್ವಾಮಿಯವರ ಪ್ರೋಗ್ರಾಮನ್ನು ಅದರ ಮುಂದಿಟ್ಟಳು. ನಾನೂರು, ಐನೂರು, ಆರುನೂರು. ಆರುನೂರ ಹನ್ನೆರಡು ಬಂದಾಗ ಕಣ್ಣು ಮುಚ್ಚಿಕೊಂಡಳು. ತೆರೆದು ನೋಡುವಾಗ ಒಂಬೈನೂರು ದಾಟಿತ್ತು. ಮೊದಲು ಗೋಡೆಗೆ ಸಿಕ್ಕಿಸಿದ್ದ ಹಳೆಯ ಪ್ರಿಂಟಿನ ಲೆಕ್ಕವನ್ನೇ ಕೊಟ್ಟು ನೋಡಿದಳು: ಅಲ್ಲಿ ಹನ್ನೊಂದು ಇಂಚು, ಇಲ್ಲೂ ಹನ್ನೊಂದು ಇಂಚು. ಆಮೇಲೆ ಹಲ್ಲುಚಕ್ರದ ಅಳತೆಗಳನ್ನು ಒತ್ತಿದಳು. ಯಂತ್ರ ಯೋಚಿಸಿತು. ಇನ್ನೂ ಯೋಚಿಸಿತು. ನಾಲ್ಕಕ್ಕೆ ಐದು ನಿಮಿಷ ಇರುವಾಗ ಹೇಳಿತು: ಹದಿನಾರು ಇಂಚು.

ಗಾಜಿನಾಚೆ ನೋಡಿದಳು. ಅಚ್ಚಿನ ಮೇಲೆ ಚೌಡಪ್ಪ ಆಗಲೇ ಮರಳಿನ ಕೊರಳು ಕಟ್ಟಿ, ಪಕ್ಕದಲ್ಲಿ ಸೀಮೆಸುಣ್ಣದಿಂದ ದೊಡ್ಡದಾಗಿ 12 ಎಂದು ಬರೆದಿದ್ದ. ಅವನಿಗೆ ಯಂತ್ರದ ಮೇಲೆ ಎಂದೂ ನಂಬಿಕೆಯಿರಲಿಲ್ಲ. ಕೆಂಪಗೆ ಕುದಿಯುವ ಲೋಹದ ಬಾನಿ ಕ್ರೇನಿನಲ್ಲಿ ತೂಗುತ್ತ ಅಚ್ಚಿನ ಕಡೆಗೆ ಹೊರಟಿತ್ತು. ಮೇಜಿನ ಫೋನೆತ್ತಿ ಶೆಡ್ಡಿಗೆ ರಿಂಗ್ ಮಾಡಿದಳು. ಬ್ಲೋವರಿನ ಸದ್ದಿನಲ್ಲಿ ಅದು ಯಾರಿಗೆ ಕೇಳಬೇಕು? ಗಾಜು ಬಡಿದಳು. ಯಾರೂ ತಿರುಗಲಿಲ್ಲ. ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗೋಣವೆಂದು ಪೆನ್ನು ಹುಡುಕಿದಳು.

"ಚೀಟಿ ಅಂತೆ ಚೀಟಿ! ಹೋಗಿ ಕೂಗಮ್ಮಾ!" ಎಂದು ಹೂವಮ್ಮ ಬಾಗಿಲು ತೆರೆದು ಅವಳ ಬೆನ್ನಿಗೆ ಕೈಹಚ್ಚಿ ನೂಕಿದರು.

ಬಿಸಿ ಮುಖಕ್ಕೆ ರಾಚಿತು. ಬಾನಿ ಬಗ್ಗಲು ಇನ್ನು ಐದಾರು ಮಾರು ಇತ್ತು. ಸತ್ಯಭಾಮಾ ಮರಳಿನ ಗುಡ್ಡವೊಂದರ ಮೇಲೆ ಹತ್ತಿದಳು. ಎರಡು ಕೈ ಸೊಂಟದ ಮೇಲೆ ಹೇಗೆ ಬಂದವೋ ಅವಳಿಗೇ ಗೊತ್ತಿಲ್ಲ. ಇಪ್ಪತ್ತಮೂರು ವರ್ಷ ಒಳಗೇ ಇಟ್ಟುಕೊಂಡಿದ್ದ ದನಿ ಒಂದಿಷ್ಟೂ ಖರ್ಚಾಗದೆ ಹಾಗೇ ಇತ್ತು. ಅಷ್ಟೂ ಒಮ್ಮೆಗೇ ಹೊರಗೆ ಬಂತು.

"ಹದಿನಾರೂ! ಚೌಡಪ್ಪಾ, ಹದಿನಾರು! ಹನ್ನೆರಡಲ್ಲಾ! ನಿಲ್ಸೀ!"

ಕ್ರೇನು ಗಕ್ಕನೆ ನಿಂತಿತು. ಬ್ಲೋವರಿನವನು ಏನೋ ಅನಾಹುತವಾಯಿತೆಂದು ಬ್ಲೋವರನ್ನೇ ಆರಿಸಿಬಿಟ್ಟ. ತಗಡಿನ ಶೆಡ್ಡು ಸದ್ದಿಲ್ಲದೆ ಬೆಕ್ಕಸ ಬೆರಗಾಗಿ ನಿಂತಿತು. ಹಳೆಯ ಎರಕದ ತೂತಿನಿಂದ ಗುಬ್ಬಚ್ಚಿ ಪುರ್ರೆಂದು ಹಾರಿತು. ಆ ನಿಶ್ಶಬ್ದದಲ್ಲಿ ಅವಳ ದನಿ ಮಾತ್ರ ಇಳಿಯದೆ ಹೋಗುತ್ತಲೇ ಇತ್ತು: "ಒಂದು ಆರು! ಹದಿನಾರು ಇಂಚು! ಹಾಲಸ್ವಾಮಿಯವರ ಲೆಕ್ಕ!"

"ಕೇಳ್ತು ಕಣಮ್ಮಾ" ಎಂದ ಚೌಡಪ್ಪ, ಕಿವಿಯಲ್ಲಿ ಬೆರಳಾಡಿಸುತ್ತ. "ನಮ್ಮಪ್ಪನಿಗೂ ಕೇಳಿರುತ್ತೆ. ತೀರ್ಕೊಂಡು ಹತ್ತು ವರ್ಷ ಆಯ್ತು."

ಶೆಡ್ಡಿಗೆ ಶೆಡ್ಡೇ ನಕ್ಕಿತು. ಚೌಡಪ್ಪ ತನ್ನ ಹೆಬ್ಬೆರಳನ್ನು ಒಮ್ಮೆ ನೋಡಿಕೊಂಡ, ಗುಬ್ಬಚ್ಚಿಯ ತೂತನ್ನೊಮ್ಮೆ ನೋಡಿದ, ಮರಳು ತೆಗೆದುಕೊಂಡು ಕೊರಳಿಗೆ ಇನ್ನೂ ನಾಲ್ಕು ಇಂಚು ಏರಿಸಿದ. ಅಂಗೈಯಿಂದ 12ನ್ನು ಒರೆಸಿ 16 ಎಂದು ಬರೆದ. ನಾಲ್ಕೂ ಹತ್ತಕ್ಕೆ ಲೋಹ ಇಳಿಯಿತು. ರೈಸರಿನ ಬಾಯಿ ತುಂಬಿ, ಕೆಂಪು ಹಳದಿಯಾಗಿ ತುಳುಕಿ ನಿಂತಿತು. ಎಲ್ಲರೂ ನೋಡುತ್ತಿದ್ದಂತೆ ನಿಧಾನವಾಗಿ, ಅರ್ಧ ಇಂಚು, ಒಂದು ಇಂಚು, ಕೆಳಗಿನ ಚಕ್ರ ಮೇಲಿನದನ್ನು ಕುಡಿಯತೊಡಗಿತು.

"ಕುಡೀತಿದೆ, ಕುಡೀತಿದೆ!" ಎಂದು ವಿಜಯಕುಮಾರ್ ಕುಣಿದಾಡಿದರು. "ಕುರ್ಚಿ ನಿಂದು ಮಾರಾಯ್ತಿ! ಹೂವಮ್ಮ, ಎಲ್ರಿಗೂ ಟೀ! ಅಲ್ಲ, ನೀನು ಕೂತ್ಕೋ, ಟೀ ನಾನೇ ತರಿಸ್ತೀನಿ!"

ಸತ್ಯಭಾಮಾ ಕೋಣೆಗೆ ವಾಪಸ್ ಬಂದು ಮೊದಲು ಮಾಡಿದ್ದು ಕೈಚೀಲದಿಂದ ಉಗುರುಬಣ್ಣದ ಶೀಶೆ ತೆಗೆದದ್ದು. ಹೂವಮ್ಮ ಒಂಬತ್ತು ತಟ್ಟೆಗಳ ತೂತಿನ ಸುತ್ತ, ತಮ್ಮ ಹಳೆಯ ಬೊಟ್ಟುಗಳ ಮೇಲೇ, ಒಂದೂ ತಪ್ಪದೆ ಬೊಟ್ಟಿಟ್ಟರು. ಮುಂದಿನ ಆಯುಧ ಪೂಜೆಗೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಎರಡು ಬೊಟ್ಟಿನ ಮೂರನ್ನು ಒಂದೇ ಜೇಬಿಗೆ ಹಾಕಿ ಚೀಲ ಕಟ್ಟಿದರು.

ಆಮೇಲೆ ಫೋನು. ಇದನ್ನೂ ಬರೆದು ತಿಳಿಸುವ ಹಾಗಿರಲಿಲ್ಲ. ಕ್ಲಿನಿಕ್ಕಿನ ನಂಬರು ಒತ್ತಿದಳು. ಬಾಗಿಲು ತೆರೆದೇ ಇತ್ತು, ಬ್ಲೋವರು ಮತ್ತೆ ಶುರುವಾಗಿತ್ತು.

"ಚಿಕ್ಕಪ್ಪಾ! ನಾನು! ಸತ್ಯಭಾಮಾ!"

"ಯಾರು?" ಎಂದರು ಶಿವಯೋಗಿ ಚಿಕ್ಕಪ್ಪ. "ಸತ್ಯಭಾಮಾನಾ? ಸುಳ್ಳು ಹೇಳ್ಬೇಡ್ರಿ, ಅವಳ ದನಿ ನಂಗೆ ಗೊತ್ತಿಲ್ವಾ?"

"ನಾನೇ ಚಿಕ್ಕಪ್ಪಾ! ಜ್ಯೇಷ್ಠಮಧು ತಿಂದಿದ್ದೀನಿ!"

ಚಿಕ್ಕಪ್ಪನ ದನಿ ಆನಂದದಿಂದ ಒದ್ದೆಯಾಗಿ ಬಂತು.

"ಅಲ್ವೇ, ಇಷ್ಟ್ ಚೆನ್ನಾಗಿ ಕೂಗ್ತೀಯಲ್ಲೇ! ವೇಟಿಂಗ್ ಹಾಲ್ ಏನು, ರಸ್ತೆ ಆಚೆ ಮೆಡಿಕಲ್ ಶಾಪಿಗೂ ಕೇಳುತ್ತೆ! ಸೋಮವಾರ ಏಳೂವರೆಗೇ ಬಂದ್ಬಿಡು!"

ಗಾಜಿನಾಚೆ ಚೌಡಪ್ಪ, ವಿಜಯಕುಮಾರ್, ಕ್ರೇನಿನವನು, ಹೂವಮ್ಮ ಎಲ್ಲರೂ ಇವಳ ಕಡೆಗೇ ನೋಡುತ್ತಿದ್ದರು. ನೋಡಲಿ. ಸತ್ಯಭಾಮಾ ಕುರ್ಚಿಯನ್ನು ಒಂದು ಸುತ್ತು ಪೂರ್ತಿ ತಿರುಗಿಸಿ, ಫೋನಿನ ವೈರು ಸೊಂಟಕ್ಕೆ ಸುತ್ತಿಕೊಂಡಿದ್ದರೂ ಲೆಕ್ಕಿಸದೆ, ವಿನೋಬನಗರಕ್ಕೆ ಫೋನಿಲ್ಲದೆಯೂ ಕೇಳಬಹುದಾದ ದನಿಯಲ್ಲಿ ಹೇಳಿದಳು:

"ಬರಲ್ಲಾ ಚಿಕ್ಕಪ್ಪಾ! ಮಾರಪ್ಪನಿಗೆ ಬೇರೆಯೋರನ್ನ ನೋಡ್ಕೊಳ್ಳೀ!"